ಕೈಯಿಂದ ಎರಡು, ಬೋರ್ಡಿನಿಂದ ಮೂರು

ಓದುಗರ ಪ್ರಶ್ನೆ – ನಮ್ಮ ಉತ್ತರ

ಮೂರೆಲೆ, ರಮ್ಮಿ ಅಥವಾ ಹೋಲ್ಡೆಮ್ (ಕೈಗೆ ಎರಡೇ ಎಲೆ ಬರುವ ಪೋಕರ್) ಆಡಿ ಪಳಗಿದವರು ಮೊದಲ ಸಲ ಒಮಾಹಾ ಪೋಕರಿಗೆ ಕೂತರೆ ನಗು, ಗದ್ದಲ, ವಾದ ಎಲ್ಲವೂ ಒಟ್ಟಿಗೇ ಶುರುವಾಗುತ್ತವೆ. ಈ ಸಂಚಿಕೆಯ ಪ್ರಶ್ನೆಗಳೆಲ್ಲ ಅಂಥ ಮೇಜುಗಳಿಂದಲೇ ಬಂದಂಥವು.

ಪ್ರಶ್ನೆ: ಬೋರ್ಡಿನಲ್ಲಿ ನಾಲ್ಕು ಆಟೀನು ಬಿದ್ದಿದ್ದವು: ರಾಜ, 10, 7, 2. ಐದನೆಯದು ಕಳಾವರ್ 9. ನಮ್ಮ ಭಾವನ ಕೈಯಲ್ಲಿ ಆಟೀನ್ ಎಕ್ಕ, ಇಸ್ಪೀಟ್ ಎಕ್ಕ, ಕಳಾವರ್ ಗುಲಾಮ, ಡೈಮಂಡ್ 4. ‘ಎಕ್ಕದ ಫ್ಲಶ್’ (ಒಂದೇ ಬಣ್ಣದ, ಅಂದರೆ ಒಂದೇ ಗುರುತಿನ, ಐದು ಎಲೆ) ಅಂತ ಎದ್ದೇಬಿಟ್ಟರು. ಎದುರಿನವರು ಆಟೀನ್ 5, ಆಟೀನ್ 3 ತೋರಿಸಿ ಪಾಟ್ (ನಡುವೆ ಸೇರಿದ ಪಣ) ತಮ್ಮದೆಂದರು. ಯಾರದು ಸರಿ?
– ಓದುಗರು, ತುಮಕೂರು

ಉತ್ತರ: 5 ಮತ್ತು 3 ಹಿಡಿದವರದೇ ಪಾಟ್. ಭಾವನವರ ಬಳಿ ಇದ್ದದ್ದು ಬರೀ ಒಂದು ಜೋಡಿ ಎಕ್ಕ.

ಒಮಾಹಾದಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಎಲೆ, ನಡುವೆ ಬೋರ್ಡಿನಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಕೊನೆಗೆ ಐದೆಲೆಯ ಕೈ ಕಟ್ಟುವಾಗ ಸ್ವಂತದ ನಾಲ್ಕರಲ್ಲಿ ಎರಡನ್ನೇ ತೆಗೆದುಕೊಳ್ಳಬೇಕು, ಬೋರ್ಡಿನ ಐದರಲ್ಲಿ ಮೂರನ್ನೇ ತೆಗೆದುಕೊಳ್ಳಬೇಕು. ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ. ಹೋಲ್ಡೆಮ್‌ನಲ್ಲಿ ಕೈಯಿಂದ ಎರಡು ಬಳಸಬಹುದು, ಒಂದು ಬಳಸಬಹುದು, ಒಂದನ್ನೂ ಬಳಸದೆ ಬೋರ್ಡನ್ನೇ ಆಡಬಹುದು. ಆ ಅಭ್ಯಾಸ ಇರುವವರ ಕಣ್ಣು ನಾಲ್ಕು ಆಟೀನು ಕಂಡ ಕೂಡಲೇ ಕೈಯಲ್ಲಿರುವ ಐದನೆಯದನ್ನು ತಾನಾಗಿಯೇ ಜೋಡಿಸಿಬಿಡುತ್ತದೆ. ಭಾವನವರ ಕೈಯಲ್ಲಿ ಆಟೀನು ಇದ್ದದ್ದು ಒಂದೇ. ಎರಡನೆಯ ಎಲೆಯಾಗಿ ಯಾವುದನ್ನು ತೆಗೆದರೂ ಬಣ್ಣ ಕೆಡುತ್ತದೆ.

ನಾಲ್ಕರಲ್ಲಿ ಎರಡನ್ನು ಆರಿಸಲು 6 ದಾರಿ, ಐದರಲ್ಲಿ ಮೂರನ್ನು ಆರಿಸಲು 10 ದಾರಿ. ಅಂದರೆ ಒಬ್ಬೊಬ್ಬರ ಬಳಿಯೂ 60 ಕೈಗಳಿರುತ್ತವೆ. ಹೊಸಬರು ಇದನ್ನೆಲ್ಲ ತಲೆಯಲ್ಲೇ ನೋಡಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೇ ಈ ಕೆಲಸವನ್ನು ಕೈಗೆ ಕೊಡಿ. ಶೋ ಹೊತ್ತಿಗೆ ನಾಲ್ಕೂ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಡಬೇಕು. ತಾನು ಬಳಸುವ ಎರಡನ್ನು ಆಟಗಾರನೇ ಬೆರಳಿನಿಂದ ಮುಂದಕ್ಕೆ ಸರಿಸಬೇಕು. ಎಲೆ ಹಂಚಿದವರು ಬೋರ್ಡಿನ ಮೂರನ್ನು ಒಂದಂಗುಲ ಮೇಲಕ್ಕೆ ತಳ್ಳಬೇಕು. ಹೀಗೆ ಸರಿದ ಐದರಲ್ಲಿ ಕಾಣುವುದಷ್ಟೇ ಕೈ, ಮಿಕ್ಕ ನಾಲ್ಕು ಎಲೆಗಳ ಲೆಕ್ಕವಿಲ್ಲ. ಹತ್ತು ಸೆಕೆಂಡಿನ ಕೆಲಸ. ಎರಡನೆಯ ಆಟೀನನ್ನು ಸರಿಸಲು ಹೋದಾಗ ಅದು ಇಲ್ಲವೆಂಬುದು ಭಾವನವರಿಗೇ ಗೊತ್ತಾಗುತ್ತಿತ್ತು, ಬೇರೆಯವರು ಹೇಳಬೇಕಿರಲಿಲ್ಲ.

ಇದರ ತಿರುವುಮುರುವು ತಪ್ಪೂ ಅಷ್ಟೇ ಸಾಮಾನ್ಯ, ಆದರೆ ಅದು ಸದ್ದಿಲ್ಲದೆ ಆಗುತ್ತದೆ. ಬೋರ್ಡು 5, 6, 7, 8, ರಾಜ. ಕೈಯಲ್ಲಿ 9, 6, ಎಕ್ಕ, 2. ‘ನನ್ನ 9 ಒಂದೇ ತಾನೇ, ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಗೋಲ್ಲ’ ಎಂದು ಎಲೆ ಎಸೆದುಬಿಡುತ್ತಾರೆ. ಆಗುತ್ತದೆ! ಕೈಯಿಂದ 9 ಮತ್ತು 6, ಬೋರ್ಡಿನಿಂದ 5, 7, 8. ಬೋರ್ಡಿನ 6ರ ಜಾಗದಲ್ಲಿ ನಿಮ್ಮದೇ 6 ಕೂರುತ್ತದೆ. ಇಂಥ ಗೆಲುವು ಕಸಕ್ಕೆ ಹೋಗಬಾರದು. ಆದ್ದರಿಂದ ಕೊನೆಯವರೆಗೆ ಉಳಿದವರು ‘ಏನೂ ಇಲ್ಲ’ ಎಂದು ಬಾಯಲ್ಲಿ ಹೇಳಿ ಎಲೆ ಮುಚ್ಚುವುದಕ್ಕೆ ಅವಕಾಶ ಕೊಡಬೇಡಿ. ನಾಲ್ಕನ್ನೂ ತೆರೆಯಲಿ, ಮೇಜಿನಲ್ಲಿರುವ ಎಲ್ಲರೂ ನೋಡಲಿ. ಯಾರು ಏನು ಕೂಗಿದರು ಎನ್ನುವುದಕ್ಕಲ್ಲ, ತೆರೆದ ಎಲೆಗೆ ಬೆಲೆ.

ಪ್ರಶ್ನೆ: ಬೋರ್ಡು 8, 8, 8, ರಾಜ, 3. ನನ್ನ ಕೈಯಲ್ಲಿ ರಾಜ, ಎಕ್ಕ, ರಾಣಿ, 9. ಗೆಳೆಯನ ಕೈಯಲ್ಲಿ 4, 4, 5, 6. ಮೂರು ಎಂಟು, ಎರಡು ರಾಜ – ನನ್ನದು ಫುಲ್ ಹೌಸ್ ಅಲ್ಲವೇ? ನಾಲ್ಕರ ಜೋಡಿ ಹಿಡಿದವನು ಗೆದ್ದದ್ದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ಹೋಲ್ಡೆಮ್ ಆಗಿದ್ದರೆ ಪಾಟ್ ನಿಮ್ಮದೇ. ಇಲ್ಲಿ ಅಲ್ಲ. ಮೂರು 8 ಮತ್ತು ಬೋರ್ಡಿನ ರಾಜ ಸೇರಿದರೆ ಬೋರ್ಡಿನಿಂದಲೇ ನಾಲ್ಕೆಲೆ ಆಯಿತು, ಅದು ನಡೆಯುವುದಿಲ್ಲ. ನಿಮಗೆ ದಕ್ಕುವುದು 8, 8, 8ರ ಜೊತೆ ಕೈಯ ಎಕ್ಕ ಮತ್ತು ರಾಜ, ಅಂದರೆ ಬರೀ ಮೂರು ಎಂಟು. ಗೆಳೆಯ ಕೈಯಿಂದ 4, 4 ಕೊಟ್ಟು ಬೋರ್ಡಿನಿಂದ ಮೂರು 8 ತೆಗೆದುಕೊಂಡ. ಅದು ಫುಲ್ ಹೌಸ್.

ಹೊಸಬರಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಬೋರ್ಡು ಸಿಗಲಾರದು. ಎಲೆಗಳನ್ನು ನಿಜವಾಗಿಯೂ ಮೇಜಿನ ಮೇಲಿಟ್ಟು ಹೀಗೆ ನೋಡಿ. ಕೈಯಲ್ಲಿ ಒಂದು 8 ಇದ್ದರೆ ನಾಲ್ಕು ಎಂಟು ಆಗಿ ಎಲ್ಲರನ್ನೂ ಸೋಲಿಸುತ್ತದೆ. ಅದರ ಕೆಳಗೆ ಬರುವುದು ಎರಡು ರಾಜ: ಕೈಯ ಎರಡು, ಬೋರ್ಡಿನ ಒಂದು, ಜೊತೆಗೆ 8, 8. ಮೂರು ರಾಜನ ಈ ಫುಲ್ ಹೌಸ್ ಎರಡು ಎಕ್ಕ ಹಿಡಿದವರ ಮೂರು ಎಂಟಿನ ಫುಲ್ ಹೌಸಿಗಿಂತ ದೊಡ್ಡದು. ಆಮೇಲೆ ಎಕ್ಕದ ಜೋಡಿ, ರಾಣಿಯ ಜೋಡಿ, ಹೀಗೆ ಇಳಿಯುತ್ತಾ 4ರ ಜೋಡಿ 3ರ ಜೋಡಿಯನ್ನು ಸೋಲಿಸುತ್ತದೆ. ಬೋರ್ಡಿನಲ್ಲಿ 3 ಇದ್ದರೂ ಎರಡು 3 ಹಿಡಿದವರಿಗೆ ದಕ್ಕುವ ಅತಿ ದೊಡ್ಡ ಕೈ 8, 8, 8, 3, 3 ತಾನೇ.

ಬೋರ್ಡಿನಲ್ಲಿ ಎರಡು ಜೋಡಿ ಬಿದ್ದಾಗಲೂ ಎಚ್ಚರ. ಬೋರ್ಡು ರಾಜ, ರಾಜ, 9, 9, 4 ಇರಲಿ. ಕೈಯಲ್ಲಿ ರಾಜ, ಎಕ್ಕ, ರಾಣಿ, ಗುಲಾಮ ಇದ್ದವರಿಗೆ ಮೂರು ರಾಜ ಮಾತ್ರ. ಫುಲ್ ಹೌಸ್ ಬೇಕಾದರೆ ರಾಜನ ಜೊತೆ ಕೈಯಲ್ಲೇ 9 ಅಥವಾ 4 ಇರಬೇಕು. ಎರಡು ಎಕ್ಕ ಹಿಡಿದವರಿಗಂತೂ ಎರಡು ಜೋಡಿಯಷ್ಟೇ.

ಪ್ರತಿ ಆಟದಲ್ಲೂ ಎಲೆ ನೋಡುವ ಮೊದಲು ಬೋರ್ಡನ್ನು ನೋಡುವ ಅಭ್ಯಾಸ ಮಾಡಿಸಿ. ಒಂದೇ ಬಣ್ಣದ ಮೂರು ಎಲೆ ಬೋರ್ಡಿನಲ್ಲಿ ಇಲ್ಲದಿದ್ದರೆ ಯಾರಿಗೂ ಫ್ಲಶ್ ಇಲ್ಲ. ಬೋರ್ಡಿನಲ್ಲಿ ಜೋಡಿ ಇಲ್ಲದಿದ್ದರೆ ಯಾರಿಗೂ ಫುಲ್ ಹೌಸ್ ಇಲ್ಲ, ನಾಲ್ಕು ಒಂದೇ ಎಲೆಯೂ ಇಲ್ಲ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ದೀಪಾವಳಿಗೆ ಮೂರೆಲೆ ಆಡುವುದು ರೂಢಿ. ಸೀಕ್ವೆನ್ಸ್ ಮುಂದೆ ಕಲರ್ ನಿಲ್ಲುವುದಿಲ್ಲ. ಒಮಾಹಾ ಕಲಿಸಲು ಬಂದವರು ಉಲ್ಟಾ ಹೇಳುತ್ತಾರೆ. ಇನ್ನೊಬ್ಬರಿಗೆ ‘ನೀನು ಬ್ಲೈಂಡ್’ ಅಂದಿದ್ದಕ್ಕೆ ಅವರು ಎಲೆಯನ್ನೇ ನೋಡದೆ ಕೂತಿದ್ದರು!
– ಓದುಗರು, ಬಳ್ಳಾರಿ

ಉತ್ತರ: ಎರಡೂ ಆಟಗಳ ನಿಯಮ ಅವುಗಳ ಮಟ್ಟಿಗೆ ಸರಿಯಾಗಿಯೇ ಇದೆ. ಅಪರೂಪಕ್ಕೆ ಬರುವ ಕೈ ಮೇಲೆ, ಸುಲಭವಾಗಿ ಬರುವ ಕೈ ಕೆಳಗೆ. 52 ಎಲೆಗಳಿಂದ ಮೂರೆಲೆಯ ಕೈಗಳು 22,100. ಅವುಗಳಲ್ಲಿ ಕಲರ್ 1,096, ಸೀಕ್ವೆನ್ಸ್ 720, ಟ್ರೇಲ್ (ಮೂರು ಒಂದೇ ಎಲೆ) 52. ಹಾಗಾಗಿ ಈ ಮೂರರಲ್ಲಿ ಟ್ರೇಲ್ ಮೇಲೆ, ಸೀಕ್ವೆನ್ಸಿನ ಕೆಳಗೆ ಕಲರ್. ಐದೆಲೆಗೆ ಬಂದರೆ ಒಟ್ಟು 25,98,960 ಕೈಗಳು. ಅಲ್ಲಿ ಸೀಕ್ವೆನ್ಸ್ ಎಂದರೆ ಸ್ಟ್ರೇಟ್ 10,200, ಕಲರ್ ಎಂದರೆ ಫ್ಲಶ್ 5,108, ಮೂರು ಒಂದೇ ಎಲೆ 54,912. ಲೆಕ್ಕ ತಲೆಕೆಳಗಾಯಿತು, ಸ್ಥಾನವೂ ತಲೆಕೆಳಗಾಯಿತು. ಮೂರೆಲೆಯಲ್ಲಿ ರಾಜನಂತಿದ್ದ ಟ್ರೇಲ್ ಇಲ್ಲಿ ಸ್ಟ್ರೇಟಿನ ಕೆಳಗೆ ನಿಲ್ಲುತ್ತದೆ. ಎಕ್ಕ, 2, 3 ಮೂರೆಲೆಯಲ್ಲಿ ದೊಡ್ಡ ಸೀಕ್ವೆನ್ಸುಗಳ ಸಾಲಿನಲ್ಲಿದ್ದರೆ ಪೋಕರಿನಲ್ಲಿ ಎಕ್ಕ, 2, 3, 4, 5 ಎಲ್ಲಕ್ಕಿಂತ ಚಿಕ್ಕ ಸ್ಟ್ರೇಟ್.

ಪೋಕರಿನ ಬ್ಲೈಂಡ್ ಎಂದರೆ ಎಲೆ ನೋಡದೆ ಆಡುವುದಲ್ಲ. ಹಂಚುವವರ ಎಡಕ್ಕೆ ಕೂತ ಇಬ್ಬರು ಎಲೆ ಬೀಳುವ ಮೊದಲೇ ಕಡ್ಡಾಯವಾಗಿ ಹಾಕುವ ಪಣ ಅದು. ಮೊದಲನೆಯವರು 1 ಹಾಕಿದರೆ ಎರಡನೆಯವರು 2. ಸೈಡ್ ಶೋ (ಪಕ್ಕದವರೊಂದಿಗೆ ಎಲೆ ಹೋಲಿಸುವುದು) ಕೇಳುವ ಪದ್ಧತಿ ಇಲ್ಲಿ ಇಲ್ಲವೇ ಇಲ್ಲ. ಮೂರೆಲೆಯವರು ಮೇಜಿನಲ್ಲಿದ್ದರೆ ಒಂದು ಚೀಟಿಯಲ್ಲಿ ಮೇಲಿನಿಂದ ಕೆಳಕ್ಕೆ ಬರೆದು ಎಲ್ಲರಿಗೂ ಕಾಣುವಂತಿಡಿ: ಸ್ಟ್ರೇಟ್ ಫ್ಲಶ್, ನಾಲ್ಕು ಒಂದೇ ಎಲೆ, ಫುಲ್ ಹೌಸ್, ಫ್ಲಶ್, ಸ್ಟ್ರೇಟ್, ಮೂರು ಒಂದೇ ಎಲೆ, ಎರಡು ಜೋಡಿ, ಒಂದು ಜೋಡಿ, ಒಂಟಿ ದೊಡ್ಡ ಎಲೆ.

ಪ್ರಶ್ನೆ: ಹಂಚಿದ ಕೂಡಲೇ ನಾಲ್ಕೂ ರಾಜ ಬಂದವು. ಎಲ್ಲ ಚಿಪ್ಸ್ ಒಳಗೆ ಹಾಕಿದೆ, ಸೋತೆ. ಇದೆಂಥ ಆಟ?
– ಓದುಗರು, ಮಂಗಳೂರು

ಉತ್ತರ: ಯಾವುದೇ ನಾಲ್ಕು ಒಂದೇ ಎಲೆ ಒಟ್ಟಿಗೆ ಕೈಗೆ ಬರುವುದು 20,825 ಹಂಚಿಕೆಗೆ ಒಂದು ಸಲ. ಬಂದಾಗ ಅದನ್ನು ಮಡಚಿ ಒಳಗಿಡುವುದೇ ಸರಿಯಾದ ಆಟ. ಎರಡನ್ನೇ ಬಳಸಬೇಕಾದ್ದರಿಂದ ನಿಮ್ಮ ಬಳಿ ಇದ್ದದ್ದು ಒಂದು ಜೋಡಿ ರಾಜ. ಮೂರನೆಯ ರಾಜ ಬೋರ್ಡಿಗೆ ಬರುವಂತೆಯೇ ಇಲ್ಲ, ಇದ್ದವೆಲ್ಲ ನಿಮ್ಮ ಕೈಯಲ್ಲೇ ಇವೆ. ಎರಡು ರಾಜ ಬೇರೆ ಬೇರೆ ಬಣ್ಣದವಾದ್ದರಿಂದ ಫ್ಲಶ್ ಆಗುವುದಿಲ್ಲ, ಸ್ಟ್ರೇಟ್ ಅಂತೂ ಇಲ್ಲ. ಮೂರು ರಾಜ ಬಂದರೂ ಗತಿ ಹೆಚ್ಚುಕಡಿಮೆ ಇದೇ, ಪ್ಯಾಕಿನಲ್ಲಿ ಉಳಿಯುವುದು ಒಂದೇ ರಾಜ.

ನಾಲ್ಕೆಲೆಯ ಕೈಯನ್ನು ಆರು ಜೋಡಿಗಳಾಗಿ ನೋಡಲು ಕಲಿಯಬೇಕು. ಗುಲಾಮ, 10, 9, 8 ತೆಗೆದುಕೊಳ್ಳಿ: ಆರು ಜೋಡಿಗಳೂ ಸ್ಟ್ರೇಟಿಗೆ ಕೆಲಸ ಮಾಡುತ್ತವೆ. ಅದೇ ಗುಲಾಮ, 10, 9ರ ಜೊತೆ 2 ಬಂದರೆ ಆ 2 ಇರುವ ಮೂರು ಜೋಡಿಗಳು ಸತ್ತಂತೆ, ಕೈ ಅರ್ಧವಾಯಿತು. ಹೊಸಬರು ‘ಮೂರು ಚೆನ್ನಾಗಿವೆಯಲ್ಲ’ ಎಂದು ಆಡಿಬಿಡುವುದು ಇಲ್ಲೇ. ಆಟ ಶುರುವಾಗುವ ಮುನ್ನ ಎಲ್ಲಕ್ಕಿಂತ ಬಲವಾದ ಕೈ ಎಕ್ಕ, ಎಕ್ಕ, ರಾಜ, ರಾಜ, ಅದೂ ಎರಡು ಬಣ್ಣಗಳಲ್ಲಿ ಒಂದೊಂದು ಎಕ್ಕ, ಒಂದೊಂದು ರಾಜ ಇರುವಂಥದು. ಬರೀ ಎರಡು ಎಕ್ಕದ ಜೊತೆ 7 ಮತ್ತು 2 ಬೇರೆ ಬೇರೆ ಬಣ್ಣದಲ್ಲಿ ಬಂದರೆ ಅದು ನೋಡಲು ಚಂದ ಅಷ್ಟೇ, ನಾಲ್ಕೈದು ಜನ ಆಟದಲ್ಲಿದ್ದರೆ ಸೊರಗುತ್ತದೆ.

ಪ್ರಶ್ನೆ: ಯಾರೋ ‘ಪಾಟ್’ ಅಂದರು. ಎಷ್ಟು ಹಾಕಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಲೆಕ್ಕ ಹೇಗೆ?
– ಓದುಗರು, ಮೈಸೂರು

ಉತ್ತರ: ಒಮಾಹಾವನ್ನು ಬಹುತೇಕ ಪಾಟ್ ಲಿಮಿಟ್‌ನಲ್ಲಿ ಆಡುತ್ತಾರೆ, ಅಂದರೆ ಏರಿಸುವ ಮೊತ್ತ ಪಾಟನ್ನು ಮೀರುವಂತಿಲ್ಲ. ಗೊಂದಲ ಇರುವುದು ‘ಪಾಟ್’ ಎಂದರೆ ಯಾವಾಗಿನ ಪಾಟ್ ಎಂಬಲ್ಲಿ. ನೀವು ಮೊದಲು ಎದುರಿನ ಪಣಕ್ಕೆ ಸರಿಸಮ ಹಾಕಿದ್ದೀರಿ ಎಂದುಕೊಂಡು, ಆಮೇಲೆ ಪಾಟ್ ಎಣಿಸಬೇಕು.

ಪಾಟಿನಲ್ಲಿ 100 ಇದೆ. ಒಬ್ಬರು 50 ಹಾಕಿದರು. ನೀವು 50 ಸೇರಿಸಿದರೆ 200 ಆಗುತ್ತದೆ. ಅದರ ಮೇಲೆ 200 ಏರಿಸಬಹುದು. ನೀವು ಒಟ್ಟು ಮುಂದಿಡುವುದು 250. ಬಾಯಿಲೆಕ್ಕಕ್ಕೆ ಸುಲಭದ ದಾರಿ ಇದೆ: ಕೊನೆಯ ಪಣದ ಮೂರರಷ್ಟು, ಅದಕ್ಕೆ ಆ ಪಣಕ್ಕಿಂತ ಮೊದಲು ಇದ್ದದ್ದು. 150ಕ್ಕೆ 100 ಸೇರಿ 250. ನಡುವೆ ಇನ್ನೊಬ್ಬರು 50 ಹಾಕಿ ಜೊತೆಗೂಡಿದ್ದರೆ ಅದನ್ನೂ ಸೇರಿಸಿ, 300. ಬ್ಲೈಂಡ್ 1 ಮತ್ತು 2 ಇರುವಾಗ ಮೊದಲು ಏರಿಸುವವರ ಮಿತಿ 7: ಎರಡರ ಮೂರರಷ್ಟು 6, ಮತ್ತೆ ಚಿಕ್ಕ ಬ್ಲೈಂಡಿನ 1. ಹೊಸಬರು ಸಾಮಾನ್ಯವಾಗಿ ಮೇಜಿನ ಮೇಲೆ ಕಾಣುವ 150ನ್ನೇ ಪಾಟ್ ಎಂದುಕೊಂಡು 150 ಇಡುತ್ತಾರೆ. ಅದು ತಪ್ಪು ಪಣವಲ್ಲ, ಆದರೆ ಪೂರ್ತಿ ಪಾಟ್ ಅಲ್ಲ.

ಈ ಪಾಟ್ ಎಷ್ಟು ಬೇಗ ಊದುತ್ತದೆ ಎನ್ನುವುದನ್ನೂ ಮೊದಲೇ ಹೇಳಿಬಿಡಿ. ಬ್ಲೈಂಡ್ ಹಾಕಿದ ಇಬ್ಬರೂ ಸೇರಿ ನಾಲ್ವರು ತಲಾ 7 ಹಾಕಿದರೆ 28. ಬೋರ್ಡಿನ ಮೊದಲ ಮೂರು ಎಲೆ ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಫ್ಲಾಪ್‌ನಲ್ಲಿ ಒಬ್ಬರು ಪೂರ್ತಿ 28 ಹಾಕಿ ಇನ್ನೊಬ್ಬರು ಒಪ್ಪಿದರೆ 84. ಟರ್ನ್‌ನಲ್ಲಿ ಹಾಗೆಯೇ 84 ಹಾಕಿದರೆ 252. 200 ಚಿಪ್ಸ್‌ನಿಂದ ಕೂತವರ ಬಳಿ ರಿವರ್ ಹೊತ್ತಿಗೆ ಉಳಿಯುವುದು 81. ಒಬ್ಬರನ್ನು ಲೆಕ್ಕಕ್ಕೆಂದೇ ನೇಮಿಸಿ. ಪ್ರತಿ ಸುತ್ತು ಮುಗಿದ ಮೇಲೆ ಚಿಪ್ಸನ್ನು ನಡುವೆ ಎಳೆದು ಮೊತ್ತವನ್ನು ಗಟ್ಟಿಯಾಗಿ ಹೇಳಲಿ.

ಪ್ರಶ್ನೆ: ಫ್ಲಾಪ್ 9, 8, 2, ಮೂರೂ ಬೇರೆ ಬಣ್ಣ. ನನ್ನ ಕೈಯ ಎರಡು 9 ಸೇರಿ ಮೂರು ಒಂಬತ್ತು. ಎದುರಿನವರ ಬಳಿ ಗುಲಾಮ, 10, 7, 6, ಅಂದರೆ ಒಂದು ಜೋಡಿಯೂ ಇಲ್ಲ. ಆದರೂ ಅವರು ಎಲ್ಲವನ್ನೂ ಹಾಕಿ ಗೆದ್ದರು. ಹುಚ್ಚು ಧೈರ್ಯವೇ?
– ಓದುಗರು, ಬೆಂಗಳೂರು

ಉತ್ತರ: ಅಲ್ಲ, ಅವರಿಗೆ ಆಟ ಗೊತ್ತಿದೆ. ಅವರ ಸ್ಟ್ರೇಟ್ ಪೂರ್ಣವಾಗಲು ನಾಲ್ಕು ರಾಣಿ, ನಾಲ್ಕು 5, ಜೊತೆಗೆ ಉಳಿದ ಮೂರು ಮೂರು ಗುಲಾಮ, 10, 7, 6, ಒಟ್ಟು 20 ಎಲೆಗಳಲ್ಲಿ ಯಾವುದಾದರೂ ಸಾಕು. ಹೋಲ್ಡೆಮ್‌ನಲ್ಲಿ ಎರಡು ಕಡೆ ತೆರೆದ ಸ್ಟ್ರೇಟಿಗೆ ಸಿಗುವುದು 8 ಮಾತ್ರ. ಅವರ ಕಣ್ಣಿಗೆ ಕಾಣದ 45 ಎಲೆಗಳಲ್ಲಿ 20 ಒಳ್ಳೆಯವಾದರೆ, ಬರಲಿರುವ ಎರಡರಲ್ಲಿ ಒಂದಾದರೂ ಬೀಳುವ ಅವಕಾಶ ನೂರಕ್ಕೆ ಸುಮಾರು 70. ನಿಮ್ಮ ಮೂರು ಒಂಬತ್ತು ಫುಲ್ ಹೌಸ್ ಆಗಿ ತಪ್ಪಿಸಿಕೊಳ್ಳುವ ಅವಕಾಶ ಸುಮಾರು ಮೂರರಲ್ಲೊಂದು. ಎರಡನ್ನೂ ತೂಗಿದರೆ ಹೆಚ್ಚುಕಡಿಮೆ ಸರಿಸಮ. ಹೋಲ್ಡೆಮ್‌ನಲ್ಲಿ ಬಂಡೆಯಂತಿರುವ ಕೈ ಇಲ್ಲಿ ನಾಣ್ಯ ಚಿಮ್ಮಿದ ಹಾಗೆ.

ಆದರೆ ಆ 20 ಎಲೆಗಳೂ ಒಂದೇ ತೂಕದವಲ್ಲ. ಗುಲಾಮ ಬಿದ್ದರೆ ರಾಣಿ–10 ಹಿಡಿದವರ ಸ್ಟ್ರೇಟ್ ಅವರದಕ್ಕಿಂತ ದೊಡ್ಡದು. 10 ಬಿದ್ದರೆ ರಾಣಿ–ಗುಲಾಮ ಹಿಡಿದವರದು ದೊಡ್ಡದು. ರಾಣಿ, 7, 6, 5 ಬಿದ್ದರಷ್ಟೇ ಅವರದು ಎಲ್ಲರಿಗಿಂತ ದೊಡ್ಡ ಸ್ಟ್ರೇಟ್, ಅಂಥವು 14. ಮೇಜಿನಲ್ಲಿ ಪ್ರತಿಯೊಬ್ಬರ ಬಳಿಯೂ ಆರು ಜೋಡಿಗಳಿರುವಾಗ ಎರಡನೆಯ ದೊಡ್ಡ ಕೈ ತುಂಬಾ ದುಬಾರಿ. 7ರ ಫ್ಲಶ್, ಕೆಳಗಿನ ತುದಿಯ ಸ್ಟ್ರೇಟ್, ಎರಡು ಜೋಡಿ – ಹೊಸಬರ ಚಿಪ್ಸ್ ಹೆಚ್ಚಾಗಿ ಕರಗುವುದು ಈ ಮೂರರಲ್ಲಿ. ಅತಿ ದೊಡ್ಡದಕ್ಕೆ ಹೋಗುವ ದಾರಿ ಇದ್ದಾಗ ಮಾತ್ರ ದೊಡ್ಡ ಪಣಕ್ಕೆ ಒಪ್ಪಿಕೊಳ್ಳಿ.

ಪ್ರಶ್ನೆ: ಇಲ್ಲಿ ವಾರಾಂತ್ಯಕ್ಕೆ ಆಫೀಸಿನವರು ಹೈ–ಲೋ ಒಮಾಹಾ ಆಡುತ್ತಾರೆ. ನನ್ನ ಕೈಯಲ್ಲಿ ಎಕ್ಕ, 2, 3, 4. ಬೋರ್ಡು 5, ರಾಜ, ರಾಣಿ, 9, 9. ಲೋ ನನ್ನದೇ ಅಂದುಕೊಂಡೆ, ಎಲ್ಲರೂ ನಕ್ಕರು.
– ಓದುಗರು, ಡಲ್ಲಾಸ್

ಉತ್ತರ: ಹೈ–ಲೋ ಆಟದಲ್ಲಿ ಪಾಟಿನ ಅರ್ಧ ಅತಿ ದೊಡ್ಡ ಕೈಗೆ (ಹೈ), ಅರ್ಧ ಅತಿ ಚಿಕ್ಕ ಕೈಗೆ (ಲೋ). ಈ ಬೋರ್ಡಿನಲ್ಲಿ ಲೋ ಯಾರಿಗೂ ಇಲ್ಲ. ಲೋ ಎಂದರೆ 8 ಅಥವಾ ಅದಕ್ಕಿಂತ ಕೆಳಗಿನ ಐದು ಬೇರೆ ಬೇರೆ ಎಲೆ. ಅದಕ್ಕೂ ಎರಡು–ಮೂರರ ನಿಯಮವೇ, ಆದ್ದರಿಂದ ಬೋರ್ಡಿನಲ್ಲೇ ಅಂಥ ಮೂರು ಇರಬೇಕು. ಇದ್ದದ್ದು 5 ಒಂದೇ. ಲೋ ಇಲ್ಲದಿದ್ದರೆ ಪೂರ್ತಿ ಪಾಟ್ ಹೈ ಗೆದ್ದವರಿಗೆ. ಲೋ ಎಣಿಸುವಾಗ ಸ್ಟ್ರೇಟ್, ಫ್ಲಶ್ ಅಡ್ಡಿಯಲ್ಲ, ಎಕ್ಕ ಎರಡೂ ಕಡೆ ನಡೆಯುತ್ತದೆ, ಹೈಗೆ ಒಂದು ಜೋಡಿ, ಲೋಗೆ ಇನ್ನೊಂದು ಜೋಡಿ ಬಳಸಬಹುದು.

ಇನ್ನೊಂದು ಆಘಾತಕ್ಕೂ ಸಿದ್ಧರಾಗಿರಿ. ಕೈಯಲ್ಲಿ ಎಕ್ಕ, 2, ರಾಜ, ಗುಲಾಮ, ಬೋರ್ಡು 7, 4, 3, ರಾಣಿ. ಈಗ ಅತ್ಯುತ್ತಮ ಲೋ ನಿಮ್ಮದು. ರಿವರ್‌ನಲ್ಲಿ 2 ಬಿತ್ತು ಎನ್ನಿ. ನಿಮ್ಮದು ಹಾಗೇ 7, 4, 3, 2, ಎಕ್ಕ ಉಳಿಯುತ್ತದೆ, ಆದರೆ ಎಕ್ಕ–5 ಹಿಡಿದವರಿಗೆ 5, 4, 3, 2, ಎಕ್ಕ ಆಯಿತು. ಗುಲಾಮನ ಬದಲು 5 ಇದ್ದಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ. ಅದಕ್ಕೇ ಮೂರನೆಯ ಸಣ್ಣ ಎಲೆಗೆ ಇಷ್ಟು ಬೆಲೆ.

ಲೋ ಗೆದ್ದೂ ಸೋಲಬಹುದು. ಮೂವರು ತಲಾ 40 ಹಾಕಿ ಪಾಟ್ 120 ಆಗಿದೆ. ಹೈಗೆ 60 ಹೋಯಿತು. ಉಳಿದಿಬ್ಬರದೂ ಒಂದೇ ಲೋ ಆದರೆ ತಲಾ 30. ಹಾಕಿದ್ದು 40, ಬಂದದ್ದು 30. ನಮ್ಮ ಸಲಹೆ ಕೇಳಿದರೆ, ಹೊಸಬರು ಮೊದಲು ಹೈ ಆಟವನ್ನೇ ಚೆನ್ನಾಗಿ ಕಲಿಯಲಿ, ಹೈ–ಲೋ ಆಮೇಲೆ.

ಪ್ರಶ್ನೆ: ಆರು ಜನ ಹೊಸಬರನ್ನು ಕೂರಿಸಬೇಕು. ಏನೇನು ಬೇಕು? ದುಡ್ಡಿಲ್ಲದೆ ಆಡಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ದುಡ್ಡಿಲ್ಲದೆಯೇ ಆಡಿ. ಇಂಟರ್‌ನೆಟ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ, ಮನೆಯಲ್ಲೂ ಪಣದ ಗೋಜು ಬೇಡ. ತಲಾ 200ರ ಚಿಪ್ಸ್ ಕೊಡಿ: 1ರವು 20, 5ರವು 16, 25ರವು 4. ಚಿಪ್ಸ್ ಇಲ್ಲದಿದ್ದರೆ 1ಕ್ಕೆ ಹುಣಸೆ ಬೀಜ, 5ಕ್ಕೆ ಕವಡೆ, 25ಕ್ಕೆ ಗುಂಡಿ ಇಟ್ಟುಕೊಳ್ಳಿ. ಬ್ಲೈಂಡ್ 1 ಮತ್ತು 2.

ಎಲೆಗಳನ್ನು ಒಂದೊಂದಾಗಿ ನಾಲ್ಕು ಸುತ್ತು ಹಂಚಿ, ಒಬ್ಬರಿಗೇ ನಾಲ್ಕನ್ನು ಒಟ್ಟಿಗೆ ಕೊಡಬೇಡಿ. ಹಂಚಿದ ಮೇಲೆ ಎಲ್ಲರೂ ತಮ್ಮವನ್ನು ಎಣಿಸಲಿ. ಪಣ ಶುರುವಾಗುವ ಮೊದಲೇ ಯಾರಲ್ಲಾದರೂ ಮೂರು ಅಥವಾ ಐದು ಕಂಡರೆ ಎಲ್ಲವನ್ನೂ ಕಲೆಸಿ ಮತ್ತೆ ಹಂಚಿ. ಫ್ಲಾಪ್, ಟರ್ನ್, ರಿವರ್ ಮೂರಕ್ಕೂ ಮೊದಲು ಮೇಲಿನ ಒಂದೊಂದು ಎಲೆಯನ್ನು ಮುಚ್ಚಿಯೇ ಪಕ್ಕಕ್ಕಿಡಬೇಕು. ಆರು ಜನಕ್ಕೆ 24, ಬೋರ್ಡಿಗೆ 5, ಪಕ್ಕಕ್ಕೆ 3, ಒಟ್ಟು 32 ಎಲೆ. 11 ಜನ ಕೂತರೆ 52 ಸರಿಯಾಗಿ ಮುಗಿಯುತ್ತದೆ, ಆದರೆ ಹೊಸಬರಿದ್ದರೆ ಆರಕ್ಕೇ ನಿಲ್ಲಿಸಿ. ಮೊದಲ ಹತ್ತು ಆಟ ಎಲ್ಲರ ಎಲೆಗಳನ್ನೂ ತೆರೆದಿಟ್ಟು ಪಣವಿಲ್ಲದೆ ಆಡಿಸಿ, ಪ್ರತಿಯೊಬ್ಬರೂ ತಮ್ಮ ಎರಡನ್ನು ಮುಂದಕ್ಕೆ ಸರಿಸಿ ತೋರಿಸಲಿ. ಹನ್ನೊಂದನೆಯ ಆಟದಿಂದ ಎಲೆ ಮುಚ್ಚಿ.